ನ್ಯಾಯ ಕೇಳಲು ಸ್ಟುಡಿಯೋಗೆ ಹೋಗಬೇಕೆ?

(ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಬೇರೊಂದು ಊರಿನ ಸಂಘದ ತಂಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದಳು: "ಮೇಡಂ, ಹಿರಿಯರನ್ನು ಕೂರಿಸಿ ಪಂಚಾಯ್ತಿಯೂ ಆಯಿತು, ಸ್ಟೇಷನ್ನಿಗೂ ಹೋಗಿಯಾಯಿತು. ಟೀವಿಯವರ ಹತ್ತಿರ ಹೋದರೆ ಹೇಗೆ?" ಯಾರೆಂದು ಹೇಳುವುದಿಲ್ಲ, ನೀವೂ ಕೇಳಬೇಡಿ. ನನಗೆ ನೆನಪಾದದ್ದು ಒಂದು ಸಿನಿಮಾ.

2017ರಲ್ಲಿ ತಮಿಳಿನಲ್ಲಿ ಅರುಣ್ ಪ್ರಭು ಪುರುಷೋತ್ತಮನ್ ಅವರ ‘ಅರುವಿ’ ಬಂತು. ಅರುವಿ ಎಂಬ ಹುಡುಗಿಗೆ ಎಚ್‌ಐವಿ ತಗಲಿದೆ. ಹೆತ್ತವರೇ ನಡತೆ ಶಂಕಿಸಿ ಮನೆಯಿಂದ ಹೊರಗೆ ಹಾಕಿದ್ದಾರೆ. ಅವಳ ಅಸಹಾಯಕತೆಯನ್ನು ಮೂವರು ಗಂಡಸರು ಬಳಸಿಕೊಂಡಿದ್ದಾರೆ. ಅವಳು ಹೋಗುವುದು ಸಂಸಾರದ ಜಗಳಗಳನ್ನು ಕ್ಯಾಮೆರಾ ಮುಂದೆ ವಿಚಾರಿಸುವ ಒಂದು ಟೀವಿ ಕಾರ್ಯಕ್ರಮಕ್ಕೆ. ಆ ಮೂವರನ್ನೂ ಅಲ್ಲಿಗೆ ಕರೆಸುತ್ತಾರೆ. ಅವರು ಕ್ಷಮೆ ಕೇಳಬೇಕು, ಅವಳಿಗೆ ಬೇಕಾದ್ದು ಅಷ್ಟೆ. ಸ್ಟುಡಿಯೋದವರ ಲೆಕ್ಕ ಮಾತ್ರ ಎಷ್ಟು ಜನ ನೋಡುತ್ತಾರೆ ಎಂಬುದು. ಕಾಯಿಲೆಯ ವಿಷಯ ಹೊರಬಿದ್ದೊಡನೆ ಮಾತಿನ ದಿಕ್ಕೇ ತಿರುಗಿ ದೂರು ತಂದವಳೇ ಅಪರಾಧಿಯಾಗುತ್ತಾಳೆ. ಆಮೇಲೆ ಪಿಸ್ತೂಲು, ಒತ್ತೆಯಾಳುಗಳು, ಹೊರಗೆ ಪೊಲೀಸರು. ಪಿಸ್ತೂಲು ಸಿನಿಮಾದ್ದು, ಬಿಡಿ. ಅದಕ್ಕೆ ಮುಂಚಿನದೆಲ್ಲ ನಮಗೆ ಗೊತ್ತಿರುವುದೇ.

ಕನ್ನಡದಲ್ಲಿ ‘ಬದುಕು ಜಟಕಾ ಬಂಡಿ’ ಬರುತ್ತಿದ್ದಾಗ ನೋಡಿದವರು ಇಲ್ಲಿದ್ದೀರಿ. ನಾನೂ ಅಂಥವನ್ನು ಒಲೆಯ ಮೇಲಿನ ಹಾಲು ಮರೆತು ನೋಡಿದ್ದೇನೆ. ಅಳುವ ಹೆಂಗಸಿನ ಮುಖ ತೆರೆಯ ತುಂಬ ಬಂದಾಗ ಚಾನೆಲ್ ಬದಲಾಯಿಸಲಿಲ್ಲ. ಆ ಲೆಕ್ಕದಲ್ಲಿ ನಾನೂ ಒಬ್ಬಳು.

ಈಗ ಕಾನೂನು ನೋಡಿ. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯ 16ನೇ ಕಲಮಿನಂತೆ ಬಾಗಿಲು ಮುಚ್ಚಿ ವಿಚಾರಣೆ ನಡೆಸಿ ಎಂದು ನೀವು ಮ್ಯಾಜಿಸ್ಟ್ರೇಟರನ್ನು ಕೇಳಬಹುದು. ಅತ್ಯಾಚಾರಕ್ಕೆ ಒಳಗಾದವಳ ಹೆಸರು ಪ್ರಕಟಿಸುವುದು ಅಪರಾಧ. ಅವಳೇ ಬರೆದು ಒಪ್ಪಿಗೆ ಕೊಟ್ಟರೆ ಮಾತು ಬೇರೆ. ಈ ‘ಒಪ್ಪಿಗೆ’ ಎಂಬುದೇ ನನಗೆ ಮುಳ್ಳಿನಂತೆ ಚುಚ್ಚುತ್ತದೆ. ಗಂಡನ ಮನೆಯಿಂದ ಹೊರಬಿದ್ದು, ತವರಿಗೂ ಬೇಡವಾಗಿ, ಕಂಕುಳಲ್ಲಿ ಕೂಸು ಹೊತ್ತು ಬಂದವಳು ಓದದೆ ಸಹಿ ಹಾಕಿದರೆ ಅದು ಒಪ್ಪಿಗೆಯೆ? ಕಾರ್ಯಕ್ರಮ ಮುಗಿಯುತ್ತದೆ, ಚಿತ್ರ ಉಳಿಯುತ್ತದೆ. ನಾಳೆ ಅವಳ ಮಗಳ ಫೋನಿಗೇ ಬರುತ್ತದೆ.

ಹಾಗೆಂದು ಹೋಗುವವರನ್ನು ನಾನು ಬೈಯಲಾರೆ. ಮೊದಲ ವಿಚಾರಣೆಯಿಂದ 60 ದಿನಗಳಲ್ಲಿ ಅರ್ಜಿ ಇತ್ಯರ್ಥವಾಗುವಂತೆ ಪ್ರಯತ್ನಿಸಬೇಕೆಂದು ಕಾಯಿದೆ ಹೇಳುತ್ತದೆ. ವರ್ಷಗಟ್ಟಲೆ ಅಲೆದು ಚಪ್ಪಲಿ ಸವೆಸಿದವರೂ ಇದ್ದಾರೆ. ಟೀವಿಯವರು ಒಂದೇ ದಿನದಲ್ಲಿ ಕೂರಿಸಿ ಕೇಳುತ್ತಾರೆ. ಆದರೆ ಗಂಡ ಅಲ್ಲಿ ಕೈಮುಗಿದು ಹೋದರೆ, ಮನೆಯಲ್ಲಿ ರಾತ್ರಿ ಅವನ ಕೈ ಹಿಡಿಯುವವರು ಯಾರು? ನಿರೂಪಕಿಗೆ ಜೀವನಾಂಶ ಕೊಡಿಸುವ ಅಧಿಕಾರವಿಲ್ಲ, ಅದೇ ಮನೆಯಲ್ಲಿ ಇರುವ ಹಕ್ಕು ಕೊಡಿಸುವ ಅಧಿಕಾರವೂ ಇಲ್ಲ. ಮ್ಯಾಜಿಸ್ಟ್ರೇಟರಿಗೆ ಎರಡೂ ಇವೆ.

ಆ ತಂಗಿಗೆ ಇಷ್ಟನ್ನೇ ಹೇಳಿದೆ. ಟೀವಿ ಬೇಡವೆಂದು ಅವಳೇ ತೀರ್ಮಾನಿಸಿದಳು. ಅವಳ ಸಂಘದ ಇಬ್ಬರು ಮತ್ತು ನಾನು ಜೊತೆಗೆ ಹೋಗಿ, ರಕ್ಷಣಾಧಿಕಾರಿಯ ಮೂಲಕ ಅರ್ಜಿ ಕೊಡಿಸಿದೆವು. ಮುಂದಿನ ವಾರ ಮೊದಲ ವಾಯಿದೆ. ಬಾಗಿಲು ಮುಚ್ಚಿ ಕೇಳಬೇಕೆಂದು ಅವಳು ಅರ್ಜಿಯಲ್ಲೇ ಬರೆಸಿದ್ದಾಳೆ.