ತಲಕಾಡುಗೊಂಡನ ನಾಣ್ಯ



ಕ್ರಿಸ್ತಪೂರ್ವ 490ರಲ್ಲಿ ಅಥೆನ್ಸಿನ ಪೌರಸೇನೆಯು ಪಾರಸಿಕರ ಮಹಾಬಲವನ್ನು ಮ್ಯಾರಥಾನಿನ ಬಯಲಿನಲ್ಲಿ ಹಿಮ್ಮೆಟ್ಟಿಸಿದ ವೃತ್ತಾಂತವನ್ನು ತಾವೆಲ್ಲರೂ ಬಲ್ಲಿರಿ. ಆ ಕದನಕ್ಕೆ ಎರಡೂವರೆ ಸಹಸ್ರ ವರ್ಷಗಳು ತುಂಬಿದುವೆಂದು ಗ್ರೀಸ್ ದೇಶವು 2010ರಲ್ಲಿ 2 ಯೂರೋ ಬೆಲೆಯ ಸ್ಮಾರಕನಾಣ್ಯವೊಂದನ್ನು ಹೊರಡಿಸಿತು. ಗುರಾಣಿಯೊಡನೆ ಒಂದಾಗಿ ಬೆರೆತ ಓಟಗಾರ ಯೋಧನ ರೂಪ ಅದರ ಮೇಲಿದೆ. ಕ್ರಿಸ್ತಶಕದ ಗಣನೆಯಲ್ಲಿ ಸೊನ್ನೆಯ ವರ್ಷವಿಲ್ಲದುದರಿಂದ ಲೆಕ್ಕವು ಒಂದು ವರ್ಷ ಮುಂಚಿತವಾಯಿತು. ಕೃತಜ್ಞತೆಯ ವಿಷಯದಲ್ಲಿ ಅದನ್ನು ದೋಷವೆಂದು ನಾನು ಎಣಿಸಲಾರೆ. 2020ರಲ್ಲಿ ಥರ್ಮೋಪಿಲೆಯ ಕದನಕ್ಕೂ ಇಂಥದೇ ಗೌರವ ಸಂದಿತು.

ಯುದ್ಧದ ನೆನಪನ್ನು ನಾಣ್ಯಕ್ಕೆ ಒಪ್ಪಿಸುವ ಈ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಗಂಗರ ರಾಜಧಾನಿಯಾಗಿ ಮೆರೆದ ಕಾವೇರೀತೀರದ ತಲಕಾಡು ಹನ್ನೊಂದನೆಯ ಶತಮಾನದ ಆದಿಯಲ್ಲಿ ಚೋಳರ ವಶವಾಗಿ, ರಾಜರಾಜಪುರವೆಂಬ ಹೆಸರನ್ನು ಹೊತ್ತು, ಒಂದು ಶತಮಾನಕ್ಕೂ ಮಿಕ್ಕಿ ಪರಾಧೀನವಾಗಿದ್ದಿತು. 1116ರ ಸುಮಾರಿನಲ್ಲಿ ಹೊಯ್ಸಳ ವಿಷ್ಣುವರ್ಧನನ ಸೇನೆ ಅದನ್ನು ಗೆದ್ದಿತು. ವಿಜಯದ ಸ್ಮರಣೆಗೆಂದು ಅಲ್ಲಿ ಕೀರ್ತಿನಾರಾಯಣನ ದೇಗುಲವೆದ್ದಿತು; ಅರಸನ ಟಂಕಸಾಲೆಯಿಂದ ಹೊನ್ನಿನ ಗದ್ಯಾಣಗಳೂ ಹೊರಬಿದ್ದುವು.

ಆ ಗದ್ಯಾಣವನ್ನು ತುಸು ಹತ್ತಿರದಿಂದ ನೋಡಬೇಕು. ತೂಕ ಸುಮಾರು 4 ಗ್ರಾಂ. ಅಂಗೈ ನಡುವೆ ಅಡಗುವಷ್ಟೇ ಗಾತ್ರ. ಒಂದು ಮುಖದಲ್ಲಿ ಕೇಸರವುಳ್ಳ ಸಿಂಹ, ಅದರ ಮೇಲ್ಗಡೆ ಮತ್ತೊಂದು ಕಿರುಸಿಂಹ, ಜೊತೆಗೆ ಸೂರ್ಯಚಂದ್ರರು. ಇನ್ನೊಂದು ಮುಖದಲ್ಲಿ ಯಾವ ಚಿತ್ರವೂ ಇಲ್ಲ: ಮೂರು ಸಾಲಾಗಿ ಒಡೆದು ಬರೆದ ಕನ್ನಡಾಕ್ಷರಗಳು, ‘ಶ್ರೀ ತಲಕಾಡುಗೊಂಡ’ ಎಂದು. ನೊಳಂಬವಾಡಿಯನ್ನು ಗೆದ್ದುದಕ್ಕೂ ಇಂತಹುದೇ ನಾಣ್ಯ ಬಂದಿತು. ಅರಸನ ಹೆಸರನ್ನೇ ಬಿಟ್ಟು ಅವನು ಗೆದ್ದ ಊರಿನ ಹೆಸರಿನಿಂದ ಅವನನ್ನು ಗುರುತಿಸಿದ ಈ ಬರೆಹ, ಸಂಸ್ಕೃತದ ಗಾಂಭೀರ್ಯವನ್ನು ಬಯಸದೆ, ನಾಡಾಡಿಗಳು ಓದಬಲ್ಲ ನುಡಿಯಲ್ಲಿಯೇ ನಿಂತಿತೆಂಬುದು ನನಗೆ ಪರಮಾದರದ ಸಂಗತಿ. ಗ್ರೀಕರ ನಾಣ್ಯ ಇಪ್ಪತ್ತೈದು ಶತಮಾನಗಳ ದೂರದಿಂದ ಹಿಂದಿರುಗಿ ನೋಡಿ ಟಂಕಿಸಿದುದು. ನಮ್ಮದು ಗೆದ್ದವನು ತನ್ನ ಕಾಲದಲ್ಲಿಯೇ ಟಂಕಿಸಿದುದು. ನಮ್ಮ ವೈಯಾಲಿಕಾವಲು ಬಡಾವಣೆಯ ಚೌಡಯ್ಯ ಸ್ಮಾರಕ ಭವನವು ವಯೊಲಿನ್ನಿನ ಆಕಾರದಲ್ಲಿ ನಿಂತಲ್ಲಿಯೇ ನಿಂತು ಆ ಮಹಾವಿದ್ವಾಂಸರ ನೆನಪನ್ನು ಕಾಯುತ್ತಿದೆ. ನಾಣ್ಯವಾದರೋ ಸಂತೆಯಿಂದ ಸಂತೆಗೆ ನಡೆದು ಸುದ್ದಿಯನ್ನು ಮುಟ್ಟಿಸುವುದು.

ಆದರೆ ತಲಕಾಡನ್ನು ಗೆದ್ದ ತೋಳು ದಂಡನಾಯಕ ಗಂಗರಾಜನದು. ಚೋಳಸಾಮಂತನಾದ ಅದಿಯಮನನ್ನು ಮುರಿದವನು ಅವನೇ. ಹೊನ್ನಿನ ಮೇಲೆ ಅವನ ಸುಳಿವಿಲ್ಲ. ರಾಜಶಾಸನದ ರೀತಿಯೇ ಅದು, ಆಕ್ಷೇಪಿಸಿ ಫಲವಿಲ್ಲ. ಅವನ ಪಾಲು ಕಲ್ಲಿನಲ್ಲಿ ಉಳಿದಿದೆ. ಮೆಚ್ಚಿದ ಅರಸನಿಂದ ಪಡೆದ ಗ್ರಾಮಗಳನ್ನು ಅವನು ತನಗೆಂದು ಇರಿಸಿಕೊಳ್ಳದೆ ಜಿನಾಲಯಗಳಿಗೆ ದತ್ತಿಯಾಗಿ ಬಿಟ್ಟನೆಂದು ಶಾಸನಗಳು ಹೇಳುತ್ತವೆ. ತಾಯಿ ಪೋಚಲದೇವಿ, ಮಡದಿ ಲಕ್ಷ್ಮೀದೇವಿ ಕಟ್ಟಿಸಿದ ಬಸದಿಗಳೂ ಅವುಗಳಲ್ಲಿ ಸೇರಿವೆ. ದತ್ತಿಯೊಂದರ ಆಶ್ರಯದಲ್ಲಿ ಮಾತನಾಡುತ್ತಿರುವ ನಾನು ಈ ಸಂಗತಿಯನ್ನು ಎತ್ತಿ ಹೇಳದಿದ್ದರೆ ಅಪಚಾರವಾದೀತು. ತಲಕಾಡುಗೊಂಡನ ನಾಣ್ಯವನ್ನು ಕಂಡ ಎಳೆಯರು ಶ್ರವಣಬೆಳಗೊಳದ ದೊಡ್ಡಬೆಟ್ಟವನ್ನೂ ಹತ್ತಬೇಕೆಂದು ನನ್ನ ಬಿನ್ನಹ: ಗೊಮ್ಮಟನ ಸುತ್ತಾಲಯವನ್ನು ಮಾಡಿಸಿದವನು ಗಂಗರಾಜನೆಂದು ಆ ಮೂರ್ತಿಯ ಪಾದದ ಬಳಿಯಲ್ಲಿಯೇ ಕೊರೆದಿದೆ.