ಯಂತ್ರ ಮತ್ತು ಹೊಣೆ

ಈಚೆಗೆ ಒಂದು ತಿಂಗಳು ನನ್ನ ನಿವೃತ್ತಿವೇತನ ಬರಲಿಲ್ಲ. ಬದುಕಿದ್ದೇನೆಂಬ ಪ್ರಮಾಣಪತ್ರವನ್ನು ಮೊದಲೇ ಕೊಟ್ಟಿದ್ದ ನಾನು ಬ್ಯಾಂಕಿನಲ್ಲಿ ಎದುರಿಗೇ ನಿಂತಿದ್ದೆ. "ಕಂಪ್ಯೂಟರ್ ತೋರಿಸುತ್ತಿಲ್ಲ ಸಾರ್" ಎಂದರು ತರುಣ ಗುಮಾಸ್ತರು.

ಆಗ ಲಂಡನ್ನಿನ ಲಯನ್ಸ್ ಎಂಬ ಚಹದಂಗಡಿಗಳ ಸಂಸ್ಥೆ ನೆನಪಾಯಿತು. ವ್ಯವಹಾರಕ್ಕೆಂದೇ 'ಲಿಯೊ' ಎಂಬ ಗಣಕಯಂತ್ರವನ್ನು ತಾನೇ ಕಟ್ಟಿಸಿ, 1951ರಲ್ಲಿ ಅದರಿಂದ ಬೇಕರಿಯ ಲೆಕ್ಕ ಮಾಡಿಸಿತು. ಅದಕ್ಕೆ ಎಷ್ಟೋ ವರ್ಷ ಮೊದಲೇ ಗುಮಾಸ್ತರ ಕೆಲಸವನ್ನು ಹಂತಹಂತವಾಗಿ ಪರಿಶೀಲಿಸುವ ವಿಭಾಗ ಅಲ್ಲಿತ್ತು. ಮುಂದೆ ಅಂಗಡಿಯ ಮೇಲ್ವಿಚಾರಕಿ ನಿತ್ಯದ ಬೇಡಿಕೆಯಲ್ಲಿ ಬದಲಾದದ್ದನ್ನಷ್ಟೇ ದೂರವಾಣಿಯಲ್ಲಿ ತಿಳಿಸಿದರೆ ಸಾಕಾಯಿತು. ಲೆಕ್ಕ ಯಂತ್ರದ್ದು, ನಿರ್ಧಾರ ಆಕೆಯದು.

ನಮ್ಮಲ್ಲಿ ಯಂತ್ರ ಬಂದಷ್ಟು ಬೇಗ ಆ ವಿವೇಚನೆ ಬಂದಿಲ್ಲ. ಮರುದಿನ ಹಿರಿಯ ಅಧಿಕಾರಿಯೊಬ್ಬರು ಕಡತ ಬಿಚ್ಚಿದರು. ನನ್ನ ಪತ್ರ ಅಲ್ಲೇ ಇತ್ತು, ಯಾರೂ ನಮೂದಿಸಿರಲಿಲ್ಲ. "ತಪ್ಪು ನಮ್ಮದು" ಎಂದರು.