ಗೇರ್ ಬಾಕ್ಸ್ ಬಿಚ್ಚುವ ಮೊದಲು
(ಬೆಳ್ಳಿ ಹಬ್ಬದ ರೈತ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಕಣಗಿನಹಾಳದಲ್ಲಿ 1905ರಲ್ಲಿ ಹುಟ್ಟಿದ ಸಂಘದಿಂದ ಹಿಡಿದು ಸಹಕಾರದ ಚರಿತ್ರೆಯನ್ನು ಹಿರಿಯರು ಆಗಲೇ ಹೇಳಿದ್ದಾರೆ. ನಾವು ಗ್ಯಾರೇಜಿನವರು, ನಮಗೆ ತಿಳಿದದ್ದು ಜೀಪು.

ಹಾನಗಲ್ಲ ಕಡೆ ಭತ್ತದ ಗದ್ದೆಯ ದಾರಿ, ಸವಣೂರ-ಶಿಗ್ಗಾಂವಿಯ ಎರೆ ಹೊಲ, ಹಿರೇಕೆರೂರಿನ ಏರು. ಮಳಿ ಹಿಡಿದಾಗ ಹೆರಿಗೆಯ ಹೆಣ್ಣುಮಗಳನ್ನು ದವಾಖಾನೆಗೆ ಒಯ್ಯಲು ಎಷ್ಟೋ ಸಲ ಹಳೆಯ ಮಹೀಂದ್ರ ಜೀಪೇ ಗತಿ. ಅದು ನಡುದಾರಿಯಲ್ಲಿ ನಿಲ್ಲಬಾರದು.

ಗೇರು ಬೀಳಲಿಲ್ಲವೆಂದರೆ "ಬಾಕ್ಸ್ ಹೋತು" ಅನ್ನಬೇಡಿ. ಎಂಜಿನ್ ಬಂದ್ ಮಾಡಿ ಗೇರು ಹಾಕಿ ನೋಡಿ. ಆಗ ಸರಳ ಬಿದ್ದು, ಚಾಲೂ ಇದ್ದಾಗ ಮಾತ್ರ ಕರ್ರ್ ಎಂದರೆ ದೋಷ ಬಹುತೇಕ ಕ್ಲಚ್ಚಿನದು. ಪೆಡಲ್ ಒತ್ತಿದರೂ ಪ್ಲೇಟು ಪೂರ್ತಿ ಬಿಡುತ್ತಿಲ್ಲ. ಕೇಬಲ್ಲೋ ರಾಡೋ ಸರಿಪಡಿಸಿದರೆ ಎಷ್ಟೋ ಸಲ ಕೆಲಸ ಮುಗಿಯಿತು. ಹಳೆಯ ಜೀಪಿನ ಪೆಡಲಿಗೆ ಸುಮಾರು 1 ಅಂಗುಲ ಸಡಿಲ ಇರಬೇಕು. ಹೆಚ್ಚಾದರೆ ಪ್ಲೇಟು ಬಿಡುವುದಿಲ್ಲ, ಸಡಿಲವೇ ಇಲ್ಲದಿದ್ದರೆ ಜಾರಿ ಸುಡುತ್ತದೆ.

ಎಂಜಿನ್ ಕೂಗುತ್ತದೆ, ಗಾಡಿ ಏರುವುದಿಲ್ಲ. ಇದು ಜಾರುವ ಲಕ್ಷಣ. ಸಮನೆಲದಲ್ಲಿ ಗಾಲಿಗೆ ಕಲ್ಲು ಕೊಟ್ಟು, ಬ್ರೇಕ್ ಹಿಡಿದು, ಮೂರನೇ ಗೇರಿನಲ್ಲಿ ಮೆಲ್ಲಗೆ ಕ್ಲಚ್ ಬಿಡಿ. ಎಂಜಿನ್ ಬಂದ್ ಬೀಳಬೇಕು. ಬೀಳದಿದ್ದರೆ ಪ್ಲೇಟು ಸವೆದಿದೆ, ಇಲ್ಲವೆ ಎಣ್ಣೆ ಹತ್ತಿದೆ. ಒಮ್ಮೆ ನೋಡಿದರೆ ಸಾಕು, ಮತ್ತೆ ಮತ್ತೆ ಮಾಡಿದರೆ ಇದ್ದದ್ದೂ ಸುಟ್ಟೀತು. ಪೆಡಲ್ ಮೇಲೆ ಸದಾ ಕಾಲಿಟ್ಟು ಓಡಿಸುವ ಡ್ರೈವರ ಸಾಹೇಬರೇ ನಮ್ಮ ಗ್ಯಾರೇಜಿಗೆ ಅನ್ನದಾತರು!

ಸದ್ದೂ ಹೇಳುತ್ತದೆ. ಪೆಡಲ್ ಒತ್ತಿದಾಗ ಮಾತ್ರ ಕಿರುಗುಟ್ಟಿದರೆ ರಿಲೀಸ್ ಬೇರಿಂಗ್ ನೋಡಬೇಕು. ನ್ಯೂಟ್ರಲ್‌ನಲ್ಲಿ ಗುಂಯ್ ಎಂದು, ಒತ್ತಿದಾಗ ನಿಂತರೆ ಬಾಕ್ಸಿನ ಒಳಗಿನ ಬೇರಿಂಗು.

ಇನ್ನೊಂದು. ಕೆಸರು ದಾಟಿ ಡಾಂಬರು ರಸ್ತೆಗೆ ಬಂದರೂ ನಾಲ್ಕು ಗಾಲಿಯ ಲಿವರ್ ಹಾಗೇ ಬಿಟ್ಟು ಓಡಿಸುತ್ತಾರೆ. ಒಣ ರಸ್ತೆಯಲ್ಲಿ ಮುಂದಿನ ಹಿಂದಿನ ಗಾಲಿಗಳು ಒಂದಕ್ಕೊಂದು ಜಗ್ಗಿ, ಲಿವರ್ ಸಿಕ್ಕಿಬೀಳುತ್ತದೆ. ಒಳಗೇನೂ ಮುರಿದಿರುವುದಿಲ್ಲ. ನೆಟ್ಟಗೆ ನಾಲ್ಕಾರು ಅಡಿ ರಿವರ್ಸ್ ಹೋದರೆ ಬಿಡುತ್ತದೆ. ಇಷ್ಟಕ್ಕೇ ಬಾಕ್ಸ್ ಇಳಿಸಿಸಿ, ಬಿತ್ತನೆಗೆಂದು ತೆಗೆದ ಸಾಲದ ರೊಕ್ಕ ಅಲ್ಲಿಗೆ ಸುರಿದವರನ್ನು ನಾವು ಕಂಡಿದ್ದೇವೆ.

ವರದಾ ನದಿಯ ಕಡೆಯ ಹಳ್ಳ ದಾಟಿದಾಗ ನೀರು ಆಳವಿದ್ದರೆ, ಮರುದಿನ ಗೇರ್ ಎಣ್ಣೆಯ ಬಿರಡೆ ಬಿಚ್ಚಿ ನೋಡಿ. ಹಾಲಿನ ಬಣ್ಣ ಕಂಡರೆ ನೀರು ಒಳಗೆ ಹೋಗಿದೆ, ಎಣ್ಣೆ ಬದಲಿಸದೆ ಗಾಡಿ ಎತ್ತಬೇಡಿ.